ಗಾಳಿಯ ಅಳತೆ ಮತ್ತು ತಾಯಿ-ಮಗುವಿನ ಉಸಿರು

ನಗರದ ಗಾಳಿಯ ಮಾತು ಹಳ್ಳಿಯ ದಂಪತಿಗಳಿಗೇಕೆ ಎಂದು ಕೆಲವರು ಕೇಳಬಹುದು. ಸಂತೆಗೂ ಆಸ್ಪತ್ರೆಗೂ ದಾವಣಗೆರೆ, ಹರಿಹರಗಳಿಗೆ ಬಂದು ಹೋಗುವವರು, ಕೂಲಿಗಾಗಿ ಪಿ.ಬಿ. ರಸ್ತೆಯ ಬದಿಯಲ್ಲಿ ಕೋಣೆ ಹಿಡಿದು ಸಂಸಾರ ಹೂಡಿದವರು ಹಳ್ಳಿಯವರೇ ಅಲ್ಲವೆ? 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಸೇರಿದ ಕರ್ನಾಟಕದ ನಗರಗಳಲ್ಲಿ ದಾವಣಗೆರೆಯೂ ಒಂದು.

ಗಾಳಿಯ ಧೂಳನ್ನು ಅಳೆಯುವ ಒಂದು ಕ್ರಮ ಬಹು ಸರಳವಾದುದು. ಯಂತ್ರವು ಗಾಳಿಯನ್ನು ಸೆಳೆದು ಶೋಧಕ ಕಾಗದದ ಮೂಲಕ ಹಾಯಿಸುತ್ತದೆ. ಕಾಗದವನ್ನು ಮೊದಲೂ ಅನಂತರವೂ ತೂಗಿದರೆ ಸಿಕ್ಕಿದ ಧೂಳಿನ ತೂಕ ತಿಳಿಯುವುದು. 2009ರ ಭಾರತೀಯ ಮಾನದಂಡದಂತೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಧೂಳು ಒಂದು ಘನಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದು. ಶ್ವಾಸಕೋಶದ ಆಳಕ್ಕೆ ಇಳಿಯುವುದು ಈ ಸೂಕ್ಷ್ಮ ಧೂಳೇ.

ಆದರೆ ಯಂತ್ರ ಸೆಳೆಯುವ ಗಾಳಿ ಬೇರೆ, ನೀವು ಸೇವಿಸುವ ಗಾಳಿ ಬೇರೆ. ಎಷ್ಟು ಧೂಳಿನಲ್ಲಿ ಎಷ್ಟು ಹೊತ್ತು ಇದ್ದಿರಿ ಎಂಬುದೇ ನಿಜವಾದ ಲೆಕ್ಕ. ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ರಸ್ತೆಯ ಹೊಗೆ ಸಾಮಾನ್ಯವಾಗಿ ಕೆಳ ಅಂತಸ್ತಿನವರಿಗೇ ಹೆಚ್ಚು. ನಮ್ಮಲ್ಲಿ ರಸ್ತೆಗೆ ಬಾಗಿಲು ತೆರೆದ ನೆಲಮಟ್ಟದ ಮನೆಗಳೇ ಬಹಳ! ಒಂದೇ ಮನೆಯಲ್ಲಿಯೂ ಲೆಕ್ಕ ಒಂದೇ ಆಗಿರದು. ಪತಿ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯಬಹುದು. ಪತ್ನಿ ಮುಂಜಾನೆ ಸೌದೆ ಒಲೆಯ ಮುಂದೆ ಕುಳಿತು, ಅನಂತರ ಲಾರಿಗಳ ಹೊಗೆಯಲ್ಲಿ ಬಸ್ಸಿಗೆ ಕಾಯಬಹುದು. ಆಕೆ ಗರ್ಭಿಣಿಯಾಗಿದ್ದರೆ ಮಗು ಕಡಿಮೆ ತೂಕದಿಂದ ಅಥವಾ ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಹೆಚ್ಚುತ್ತದೆ. 2019ರಲ್ಲಿ ಬೆಲ್ಜಿಯಂ ದೇಶದ ವಿಜ್ಞಾನಿಗಳು ಮಾಸಿನಲ್ಲಿ, ಅದೂ ಶಿಶುವಿನ ಕಡೆಯ ಪದರದಲ್ಲಿ, ಮಸಿಯ ಕಣಗಳನ್ನು ಕಂಡರು.

ಸೆರಗನ್ನು ಮೂಗಿಗೆ ಹಿಡಿದರೆ ಸಾಕೆಂಬ ನಂಬಿಕೆ ಸರಿಯಲ್ಲ. ಸೂಕ್ಷ್ಮ ಧೂಳಿನ ಬಹುಭಾಗ ಬಟ್ಟೆಯಲ್ಲಿ ನುಸುಳಿಬಿಡುತ್ತದೆ. ಬಸ್ಸಿಗೆ ಕಾಯುವಾಗ ರಸ್ತೆಯಂಚಿನಿಂದ ಹಿಂದೆ ಸರಿದು ನಿಲ್ಲಿರಿ. ವಾಹನಗಳು ಹೆಚ್ಚಿರುವ ವೇಳೆ ರಸ್ತೆಯ ಕಡೆಯ ಕಿಟಕಿ ಮುಚ್ಚಿ ಹಿತ್ತಲ ಬಾಗಿಲು ತೆರೆಯಿರಿ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಿರಿ. ಅಡುಗೆ ಅನಿಲ ಇರುವ ಮನೆಯವರು ಸ್ನಾನದ ನೀರಿಗೆಂದು ಒಳಗೆ ಸೌದೆ ಉರಿಸುವುದೂ ಬೇಡ. ಗರ್ಭಿಣಿಯ ತಪಾಸಣೆಗೆ ಬಂದಾಗ ಮನೆ ಎಲ್ಲಿದೆ, ಒಲೆ ಯಾವುದು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.

ಯಂತ್ರವಿಲ್ಲದೆ ತಂದೆತಾಯಿಗಳೇ ಮಾಡಬಹುದಾದ ಅಳತೆಯೊಂದುಂಟು. ಹೊಗೆಯಲ್ಲಿ ಬೆಳೆಯುವ ಮಕ್ಕಳಿಗೆ ನ್ಯುಮೋನಿಯಾ ತಗಲುವ ಭಯ ಹೆಚ್ಚು. ಮಗುವಿಗೆ ಕೆಮ್ಮು ಬಂದಾಗ, ಅದು ಅಳದೆ ಶಾಂತವಾಗಿರುವಾಗ, ಎದೆ ಮೇಲೇಳುವುದನ್ನು ಪೂರ್ಣ ಒಂದು ನಿಮಿಷ ಎಣಿಸಿರಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಮೇಲ್ಪಟ್ಟರೆ, ಇಲ್ಲವೆ ಉಸಿರೆಳೆಯುವಾಗ ಪಕ್ಕೆ ಒಳಸೇದಿದರೆ, ಮನೆಮದ್ದಿಗೆ ಕಾಯದೆ ಅಂದೇ ಆರೋಗ್ಯ ಕೇಂದ್ರಕ್ಕೆ ಕರೆತರತಕ್ಕದ್ದು.