ಊರಿನ ಭಿತ್ತಿಪತ್ರ: ಚಿತ್ರ ತಿದ್ದುವ ತಂತ್ರಾಂಶ ಮತ್ತು ವರ್ತಕರ ಹೊಣೆ

ಪೀಠಿಕೆ

ಬೆಂಗಳೂರು–ಮೈಸೂರು ನಡುವಿನ ಹಳೆಯ ಹೆದ್ದಾರಿಯಲ್ಲಿ ಸಾಗುವ ವಾಹನಗಳು ಚನ್ನಪಟ್ಟಣದ ಪೇಟೆಯನ್ನು ಹಾದೇ ಹೋಗಬೇಕಿತ್ತು. ರಸ್ತೆಯ ಇಕ್ಕೆಲಗಳ ಅಂಗಡಿಗಳಲ್ಲಿ ಜೋಡಿಸಿಟ್ಟ ಬಣ್ಣದ ಮರದ ಬೊಂಬೆಗಳೇ ಆ ಊರಿನ ಜಾಹೀರಾತಾಗಿದ್ದವು. ಅದಕ್ಕಾಗಿ ವರ್ತಕನು ಪ್ರತ್ಯೇಕ ವೆಚ್ಚ ಮಾಡುವ ಪ್ರಮೇಯವಿರಲಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೊಸ ಹೆದ್ದಾರಿಯು ಪೇಟೆಯನ್ನು ಪ್ರವೇಶಿಸದೆ ಬೈಪಾಸ್ ಮೂಲಕ ಸಾಗುತ್ತದೆ. ಇದರಿಂದ ಪ್ರಯಾಣಿಕನಿಗೆ ಸಮಯ ಉಳಿಯಿತು. ಆದರೆ ಹಾದಿಹೋಕ ಗಿರಾಕಿಯನ್ನೇ ನಂಬಿದ್ದ ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಇಂತಹ ಊರು ಇನ್ನು ಮುಂದೆ ಗಿರಾಕಿಯನ್ನು ತಾನೇ ಕರೆಯಬೇಕಾಗಿದೆ.

ಕರೆಯುವ ಸಾಧನಗಳಲ್ಲಿ ಕಡಿಮೆ ವೆಚ್ಚದ್ದು ಭಿತ್ತಿಪತ್ರ, ಅಂದರೆ ಪೋಸ್ಟರ್. ಫೋಟೋಶಾಪ್‌ನಂತಹ ಚಂದಾ ಪಾವತಿಸುವ ತಂತ್ರಾಂಶವಾಗಲಿ, ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶವಾಗಲಿ ಇಂದು ಸಣ್ಣ ಪಟ್ಟಣದ ಡಿಟಿಪಿ ಕೇಂದ್ರದಲ್ಲೂ ಲಭ್ಯ. ಆದರೆ ತಂತ್ರಾಂಶವನ್ನು ಮೊದಲು ತೆರೆದು, ಹೇಳಬೇಕಾದ ವಿಷಯವನ್ನು ಆಮೇಲೆ ಯೋಚಿಸುವುದರಿಂದ ಹಣವೂ ಕಾಲವೂ ವ್ಯರ್ಥವಾಗುತ್ತವೆ. ಚನ್ನಪಟ್ಟಣದ ಆಟಿಕೆ ವರ್ತಕರ ಗುಂಪೊಂದು ತನ್ನ ಊರಿಗಾಗಿ ಭಿತ್ತಿಪತ್ರ ಸಿದ್ಧಪಡಿಸಲು ಹೊರಟಿದೆ ಎಂದು ಭಾವಿಸಿ, ಕೆಲಸದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇಳಕಲ್ ಸೀರೆಗಾಗಲಿ, ಬ್ಯಾಡಗಿ ಮೆಣಸಿನಕಾಯಿಗಾಗಲಿ ಇದೇ ಕ್ರಮ ಅನ್ವಯಿಸುತ್ತದೆ.

1. ಉದ್ದೇಶ ನಿರ್ಣಯ

ಭಿತ್ತಿಪತ್ರವನ್ನು ಯಾರು ನೋಡುವರು, ಎಲ್ಲಿ ನಿಂತು ನೋಡುವರು, ನೋಡಿದ ಮೇಲೆ ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರ ಬರೆದಿಟ್ಟುಕೊಳ್ಳತಕ್ಕದ್ದು. ಹೆದ್ದಾರಿಯಲ್ಲಿ ವೇಗವಾಗಿ ಸಾಗುವ ಚಾಲಕನು ಕಾಗದದ ಭಿತ್ತಿಪತ್ರವನ್ನು ಓದಲಾರ. ಆದುದರಿಂದ ಪ್ರಯಾಣಿಕನು ಕೆಲವು ನಿಮಿಷ ನಿಲ್ಲುವ ಹೋಟೆಲು, ಪೆಟ್ರೋಲ್ ಬಂಕ್, ರೈಲು ನಿಲ್ದಾಣ, ವಸತಿಗೃಹಗಳೇ ಇದಕ್ಕೆ ತಕ್ಕ ಸ್ಥಳಗಳು. ಹಾಗಾದರೆ ಉದ್ದೇಶ ಇಷ್ಟೇ: ಮೈಸೂರಿಗೆ ಹೊರಟ ಕುಟುಂಬವು ಹೆದ್ದಾರಿಯಿಂದ ಇಳಿದು ಒಂದು ಗಂಟೆ ಚನ್ನಪಟ್ಟಣದಲ್ಲಿ ಕಳೆಯುವಂತೆ ಮಾಡುವುದು.

ಈ ಉದ್ದೇಶಕ್ಕೆ ಒಂದು ದೊಡ್ಡ ಚಿತ್ರ, ಊರಿನ ಹೆಸರು, ಒಂದು ಸಾಲಿನ ಕರೆ, ಎಲ್ಲಿ ಇಳಿಯಬೇಕೆಂಬ ಸರಳ ನಕ್ಷೆ, ಅಂಗಡಿಗಳ ವೇಳೆ ಮತ್ತು ಒಂದು ದೂರವಾಣಿ ಸಂಖ್ಯೆ ಸಾಕು. ಇಪ್ಪತ್ತು ಅಂಗಡಿಗಳ ಹೆಸರು ಹಾಗೂ ಪದಾಧಿಕಾರಿಗಳ ಭಾವಚಿತ್ರಗಳನ್ನು ತುಂಬಿದರೆ ಸದಸ್ಯರಿಗೆ ಸಮಾಧಾನವಾದೀತು, ಗಿರಾಕಿಗೆ ಉಪಯೋಗವಾಗದು.

2. ಅಳತೆಯ ಲೆಕ್ಕ

ಗೋಡೆಯ ಭಿತ್ತಿಪತ್ರಕ್ಕೆ ಎ2 ಅಳತೆ, ಅಂದರೆ 420 × 594 ಮಿ.ಮೀ., ಅನುಕೂಲಕರ. ಕಾಗದ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯದಂತೆ ನಾಲ್ಕೂ ಬದಿಗೆ 3 ಮಿ.ಮೀ. ಹೆಚ್ಚುವರಿ ಬಿಡಬೇಕು. ಆಗ ಕಡತದ ಅಳತೆ 426 × 600 ಮಿ.ಮೀ. ಆಗುತ್ತದೆ. ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಇದು ಸುಮಾರು 5031 × 7087 ಪಿಕ್ಸೆಲ್.

12 ಮೆಗಾಪಿಕ್ಸೆಲ್‌ನ ಮೊಬೈಲ್ ಚಿತ್ರದಲ್ಲಿರುವುದು 3000 × 4000 ಪಿಕ್ಸೆಲ್ ಮಾತ್ರ. ಅದನ್ನು ಇಡೀ ಹಾಳೆಗೆ ಹರಡಿದರೆ ಅಂಗುಲಕ್ಕೆ ಸುಮಾರು 170 ಪಿಕ್ಸೆಲ್ ದೊರೆಯುತ್ತದೆ. ಒಂದು ಮೀಟರ್‌ಗಿಂತ ಹೆಚ್ಚು ದೂರದಿಂದ ನೋಡುವ ಭಿತ್ತಿಪತ್ರಕ್ಕೆ 150 ಇದ್ದರೂ ಕೆಲಸ ನಡೆಯುವುದರಿಂದ ಇದು ಸಾಲದೆನ್ನುವಂತಿಲ್ಲ. ಆದರೆ ಅದೇ ಚಿತ್ರದ ಕಾಲುಭಾಗವನ್ನು ಕತ್ತರಿಸಿ ಹಿಗ್ಗಿಸಿದರೆ ಮಸುಕು ಖಚಿತ. ತಂತ್ರಾಂಶದಲ್ಲಿ ಸಂಖ್ಯೆಯನ್ನು 300 ಎಂದು ಬದಲಿಸಿದ ಮಾತ್ರಕ್ಕೆ ಚಿತ್ರದಲ್ಲಿಲ್ಲದ ವಿವರ ಹುಟ್ಟುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸಾಧಾರಣ ಚಿತ್ರವಾಗಿ ಕಳುಹಿಸಿದಾಗ ಪಿಕ್ಸೆಲ್‌ಗಳು ಕುಗ್ಗುತ್ತವೆ. ಆದುದರಿಂದ ಮೂಲಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಅಥವಾ ಪೆನ್‌ಡ್ರೈವ್‌ನಲ್ಲಿ ತರಿಸಿಕೊಳ್ಳುವುದು ಲೇಸು.

3. ಚಿತ್ರದ ಆಯ್ಕೆ ಮತ್ತು ಹಕ್ಕು

ಚನ್ನಪಟ್ಟಣದ ವಿಶೇಷವು ಸಿದ್ಧ ಬೊಂಬೆಯಲ್ಲಿರುವಷ್ಟೇ ಅದು ಸಿದ್ಧವಾಗುವ ಬಗೆಯಲ್ಲಿಯೂ ಇದೆ. ಒಣಗಿಸಿದ ಆಲೆ ಮರದ ತುಂಡನ್ನು ಲೇತ್‌ನಲ್ಲಿ ತಿರುಗಿಸಿ ಕಡೆಯುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಯಲ್ಲಿ ಎಲೆಯಿಂದ ಉಜ್ಜಿ ಹೊಳಪು ಕೊಡಲಾಗುತ್ತದೆ. ಅರಗು ಮರಕ್ಕೆ ಹತ್ತುವ ಆ ಕ್ಷಣದ ಒಂದು ಚಿತ್ರವು ಹತ್ತು ಬೊಂಬೆಗಳ ಸಾಲಿಗಿಂತ ಹೆಚ್ಚು ಹೇಳಬಲ್ಲದು.

ಅಂತರ್ಜಾಲದಿಂದ ಚಿತ್ರ ಇಳಿಸಿಕೊಳ್ಳುವುದು ಅಪಾಯಕರ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು, ವಿರುದ್ಧ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರಿಗೆ ಸೇರುತ್ತದೆ. ಮೊದಲೇ ತೆಗೆದಿದ್ದ ಚಿತ್ರವನ್ನು ಕೊಳ್ಳುವುದಾದರೆ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ಚಿತ್ರದಲ್ಲಿ ಕಾಣುವ ಕುಶಲಕರ್ಮಿಯ ಲಿಖಿತ ಒಪ್ಪಿಗೆಯನ್ನೂ, ಮಕ್ಕಳಿದ್ದಲ್ಲಿ ಪೋಷಕರ ಒಪ್ಪಿಗೆಯನ್ನೂ ಪಡೆದು ಕಡತದಲ್ಲಿಡುವುದು ಒಳ್ಳೆಯದು.

4. ತಂತ್ರಾಂಶದಲ್ಲಿ ಕೆಲಸದ ಕ್ರಮ

(ಅ) ಮೂಲಚಿತ್ರದ ಪ್ರತಿಯೊಂದನ್ನು ಬೇರೆಡೆ ಉಳಿಸಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು.

(ಆ) ಹಿನ್ನೆಲೆ, ಮುಖ್ಯ ಚಿತ್ರ, ನಕ್ಷೆ, ಅಕ್ಷರ ಇವುಗಳನ್ನು ಬೇರೆ ಬೇರೆ ಲೇಯರ್‌ಗಳಲ್ಲಿಟ್ಟು ಪ್ರತಿಯೊಂದಕ್ಕೂ ಹೆಸರು ಕೊಡಬೇಕು. ಲೇಯರ್‌ ಎಂಬುದು ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಿದ್ದಂತೆ. ಒಂದನ್ನು ತಿದ್ದಿದಾಗ ಉಳಿದವು ಕೆಡುವುದಿಲ್ಲ.

(ಇ) ಲೆವೆಲ್ಸ್ ಅಥವಾ ಕರ್ವ್ಸ್ ಸಾಧನದಿಂದ ಬೆಳಕು–ನೆರಳುಗಳನ್ನು ಸರಿಪಡಿಸಬೇಕು. ಫೋಟೋಶಾಪ್‌ನಲ್ಲಿ ಇದಕ್ಕೆ ಅಡ್ಜಸ್ಟ್‌ಮೆಂಟ್ ಲೇಯರ್ ಬಳಸಿದರೆ ಬೇಡವಾದಾಗ ಹಿಂದಕ್ಕೆ ಪಡೆಯಬಹುದು.

(ಈ) ಬೇಡದ ಭಾಗವನ್ನು ಅಳಿಸುವ ಬದಲು ಮಾಸ್ಕ್‌ನಿಂದ ಮರೆಮಾಡಬೇಕು. ಅಳಿಸಿದ್ದು ಮರಳದು, ಮರೆಮಾಡಿದ್ದು ಮರಳುತ್ತದೆ.

(ಉ) ಊರಿನ ಹೆಸರು ಬರುವ ಕಡೆ ಚಿತ್ರದಲ್ಲಿ ಸಮತಲವಾದ, ಗೊಂದಲವಿಲ್ಲದ ಜಾಗವಿರಬೇಕು. ಇಲ್ಲವಾದಲ್ಲಿ ಅಕ್ಷರದ ಹಿಂದೆ ತೆಳುವಾದ ಬಣ್ಣದ ಪಟ್ಟಿ ಹಾಕಬಹುದು.

5. ತಿದ್ದುವಿಕೆಯ ಎಲ್ಲೆ

ಅಂಗಡಿಯ ಮುಂದೆ ತೂಗುವ ವಿದ್ಯುತ್ ತಂತಿಯನ್ನು ಅಳಿಸುವುದಕ್ಕೆ ಆಕ್ಷೇಪವಿರಲಾರದು. ಆದರೆ ಗಿರಾಕಿಯ ಕೊಳ್ಳುವ ನಿರ್ಧಾರವನ್ನೇ ಬದಲಿಸುವ ತಿದ್ದುವಿಕೆ ಸಲ್ಲದು. ಪ್ಲಾಸ್ಟಿಕ್ ಆಟಿಕೆಗಳ ನಡುವೆ ಎರಡು ಮರದ ಬೊಂಬೆ ಕೂರಿಸಿ ಎಲ್ಲವೂ ಊರಿನ ಕಸುಬೆಂದು ತೋರಿಸುವುದು, ಅರಗಿಗೆ ಇಲ್ಲದ ಬಣ್ಣವನ್ನು ತಂತ್ರಾಂಶದಿಂದ ತುಂಬುವುದು ಈ ವರ್ಗಕ್ಕೆ ಸೇರುತ್ತವೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ತಪ್ಪು ದಾರಿಗೆಳೆಯುವ ಜಾಹೀರಾತನ್ನು ನಿಲ್ಲಿಸುವಂತೆ ವರ್ತಕನಿಗೆ ಆದೇಶಿಸಬಹುದು. ತಯಾರಕನಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲೂ ಅವಕಾಶವಿದೆ.

ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳಿಗೆ 2005–06ನೇ ಸಾಲಿನಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಈ ಗುರುತನ್ನು ಬೇರೆಡೆಯ ಸರಕಿಗೆ ಸುಳ್ಳಾಗಿ ಅನ್ವಯಿಸುವುದು ಕಾರಾಗೃಹ ಶಿಕ್ಷೆಗೂ ಗುರಿಯಾಗಬಲ್ಲ ಅಪರಾಧ. ಭಿತ್ತಿಪತ್ರದಲ್ಲಿ ಆ ಗುರುತನ್ನು ಮುದ್ರಿಸುವ ಮೊದಲು ಅಧಿಕೃತ ಬಳಕೆದಾರರು ಯಾರೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಮತ್ತೊಂದು ಅಂಶವೂ ಗಮನಾರ್ಹ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಆಟಿಕೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸಿತು. 2020ರ ಡಿಸೆಂಬರ್‌ನ ತಿದ್ದುಪಡಿಯು ನೋಂದಾಯಿತ ಕರಕುಶಲಕರ್ಮಿಗಳಿಗೂ, ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ನೀಡಿತು. ವಿನಾಯಿತಿ ಎಂಬುದು ಪ್ರಮಾಣಪತ್ರವಲ್ಲ. ವಿನಾಯಿತಿಯ ಬಲದಿಂದ ಮಾರುವ ಆಟಿಕೆಯ ಪಕ್ಕದಲ್ಲಿ ಅಂದಕ್ಕಾಗಿ ಐಎಸ್‌ಐ ಗುರುತು ಅಂಟಿಸಕೂಡದು. ‘ನೂರಕ್ಕೆ ನೂರು ಸುರಕ್ಷಿತ’ ಎಂಬಂತಹ ಮಾತಿಗೆ ಪರೀಕ್ಷಾ ವರದಿಯ ಆಧಾರವಿರಬೇಕು. ಸರ್ಕಾರದ ಲಾಂಛನಗಳನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲ.

6. ಕನ್ನಡ ಅಕ್ಷರಗಳು

ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡವನ್ನು ಸಿದ್ಧತೆಯಿಲ್ಲದೆ ಟೈಪಿಸಿದರೆ ಒತ್ತಕ್ಷರಗಳು ಒಡೆಯಬಹುದು. ‘ಚನ್ನಪಟ್ಟಣ’ ಎಂಬ ಹೆಸರಿನಲ್ಲೇ ಎರಡು ಒತ್ತಕ್ಷರಗಳಿವೆ. ಅದು ‘ಚನ್‌ನಪಟ್‌ಟಣ’ ಎಂದು ಅಚ್ಚಾದರೆ ಊರಿನ ಮಾನವೇ ಹೋದಂತೆ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್–ರೆಡಿ ಲೇಔಟ್, ಹಳೆಯ ಆವೃತ್ತಿಯಾದರೆ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ, ಚಾಲನೆಗೊಳಿಸಿದರೆ ದೋಷ ನಿವಾರಣೆಯಾಗುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕೆಲಸ ಮಾಡುವ ಮುದ್ರಣಾಲಯಕ್ಕೆ ಯೂನಿಕೋಡ್ ಪಠ್ಯ ಕೊಟ್ಟರೆ ಅಕ್ಷರಗಳು ಅಸ್ತವ್ಯಸ್ತವಾಗುವ ಸಂಭವವಿದೆ. ಯಾವುದು ಬೇಕೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಸುಲಭವಾಗಿ ಓದಲು 3 ಮೀಟರ್ ದೂರಕ್ಕೆ ಸುಮಾರು 25 ಮಿ.ಮೀ. ಎತ್ತರದ ಅಕ್ಷರವಿರಬೇಕೆಂಬುದು ರೂಢಿಯ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಅವಶ್ಯ. ಕ್ಯೂಆರ್ ಸಂಕೇತ ಹಾಕುವುದಾದರೆ ನೋಡುವ ದೂರದ ಹತ್ತನೇ ಒಂದು ಭಾಗದಷ್ಟು ಅಗಲವಿರಲಿ. ಒಂದೂವರೆ ಮೀಟರ್ ದೂರಕ್ಕೆ 15 ಸೆಂ.ಮೀ. ಬೇಕಾಗುತ್ತದೆ. ಅದರ ಸುತ್ತ ಬಿಳಿ ಅಂಚು ಉಳಿಸಬೇಕು.

7. ಮುದ್ರಣಕ್ಕೆ ಮುನ್ನ

ಗಣಕದ ಪರದೆಯು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಇದು ಆರ್‌ಜಿಬಿ ಪದ್ಧತಿ. ಮುದ್ರಣವು ಸಿಎಂವೈಕೆ ಎಂಬ ನಾಲ್ಕು ಶಾಯಿಗಳಿಂದ ನಡೆಯುತ್ತದೆ. ಪರದೆಯ ಮೇಲೆ ಹೊಳೆಯುವ ಹಸಿರು, ಕಿತ್ತಳೆ ಬಣ್ಣಗಳು ಕಾಗದದ ಮೇಲೆ ಮಂಕಾಗುತ್ತವೆ. ಬಣ್ಣವೇ ಬಂಡವಾಳವಾಗಿರುವ ಬೊಂಬೆಗೆ ಇದು ದೊಡ್ಡ ತೊಡಕು. ಸಿಎಂವೈಕೆಗೆ ಪರಿವರ್ತಿಸಿದ ನಂತರದ ರೂಪವನ್ನು ಪ್ರೂಫ್ ನೋಟದಲ್ಲಿ ನೋಡಿ, ನಿಜವಾದ ಬೊಂಬೆಯನ್ನು ಪಕ್ಕದಲ್ಲಿಟ್ಟು ಮುದ್ರಿತ ಮಾದರಿಯೊಡನೆ ಹೋಲಿಸಬೇಕು. ಗಿಂಪ್ ಮೂಲತಃ ಆರ್‌ಜಿಬಿಯಲ್ಲೇ ಕೆಲಸ ಮಾಡುವುದರಿಂದ ಪರಿವರ್ತನೆಯ ಹೊಣೆ ಯಾರದೆಂದು ಮುದ್ರಣಾಲಯದೊಡನೆ ಮಾತಾಡಿಕೊಳ್ಳಬೇಕು. ಸಣ್ಣ ಅಕ್ಷರಗಳಿಗೆ ಕಪ್ಪು ಶಾಯಿಯೊಂದನ್ನೇ ಬಳಸಬೇಕು. ನಾಲ್ಕೂ ಶಾಯಿ ಸೇರಿದ ಕಪ್ಪಿನಲ್ಲಿ ಅಂಚು ಮಸುಕಾಗುತ್ತದೆ.

ಕರ್ನಾಟಕದಲ್ಲಿ 2016ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಲ್ಪಟ್ಟಿರುವುದರಿಂದ ಕಾಗದ ಅಥವಾ ಬಟ್ಟೆಯನ್ನೇ ಆಯ್ದುಕೊಳ್ಳಬೇಕು. ಖಾಸಗಿ ಗೋಡೆಗೆ ಮಾಲೀಕರ, ಸಾರ್ವಜನಿಕ ಸ್ಥಳಕ್ಕೆ ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯತಕ್ಕದ್ದು.

8. ವೆಚ್ಚದ ವಿವೇಚನೆ

ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟ್ ಮೊದಲಾದ ಸ್ಥಿರ ವೆಚ್ಚ ಹೆಚ್ಚು, ಪ್ರತಿಯೊಂದರ ವೆಚ್ಚ ಕಡಿಮೆ. ಡಿಜಿಟಲ್ ಮುದ್ರಣದಲ್ಲಿ ಇದಕ್ಕೆ ವಿರುದ್ಧ. ಉದಾಹರಣೆಗಾಗಿ ಆಫ್‌ಸೆಟ್‌ನ ಸ್ಥಿರ ವೆಚ್ಚ 4,000 ರೂ., ಪ್ರತಿಗೆ 10 ರೂ., ಡಿಜಿಟಲ್ ಪ್ರತಿಗೆ 40 ರೂ. ಎಂದಿಟ್ಟುಕೊಂಡರೆ, 4,000ವನ್ನು 30ರಿಂದ ಭಾಗಿಸಲಾಗಿ ಸಮವೆಚ್ಚದ ಬಿಂದು ಸುಮಾರು 133 ಪ್ರತಿಗಳು. 100 ಪ್ರತಿಗೆ ಡಿಜಿಟಲ್‌ನಲ್ಲಿ 4,000 ರೂ., ಆಫ್‌ಸೆಟ್‌ನಲ್ಲಿ 5,000 ರೂ. ಆದರೆ 500 ಪ್ರತಿಗೆ ಡಿಜಿಟಲ್‌ನಲ್ಲಿ 20,000 ರೂ., ಆಫ್‌ಸೆಟ್‌ನಲ್ಲಿ 9,000 ರೂ. ಈ 9,000 ರೂಪಾಯಿಯನ್ನು 20 ಸದಸ್ಯರು ಹಂಚಿಕೊಂಡರೆ ತಲಾ 450 ರೂ. ಮಾತ್ರ. ದೂರವಾಣಿ ಸಂಖ್ಯೆಯ ಒಂದು ಅಂಕಿ ತಪ್ಪಾಗಿ ಮರುಮುದ್ರಿಸಬೇಕಾದರೆ ಅಷ್ಟೇ ಮೊತ್ತವನ್ನು ಮತ್ತೊಮ್ಮೆ ತೆರಬೇಕು. ಆದುದರಿಂದ ಅಂತಿಮ ಕರಡನ್ನು ವಿನ್ಯಾಸಕಾರನಲ್ಲದ ಇಬ್ಬರು ಓದಿ ಸಹಿ ಹಾಕುವ ಪದ್ಧತಿ ಲಾಭಕರ.

ಕಾರ್ಯಾದೇಶದಲ್ಲಿ ಲೇಯರ್‌ಗಳಿರುವ ಮೂಲಕಡತವನ್ನೂ ಒಪ್ಪಿಸಬೇಕೆಂಬ ಷರತ್ತು ಸೇರಿಸಬೇಕು. ಬರಿಯ ಜೆಪೆಗ್ ಪ್ರತಿ ದೊರೆತರೆ ಮರುವರ್ಷ ವೇಳಾಪಟ್ಟಿ ಬದಲಿಸಲೂ ಮೊದಲಿನಿಂದ ಆರಂಭಿಸಬೇಕಾದೀತು. ಜಿಎಸ್‌ಟಿ ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರೇ, ಅರ್ಹರಾಗಿದ್ದಲ್ಲಿ, ಇನ್‌ಪುಟ್ ತೆರಿಗೆಯ ಜಮೆ ಪಡೆಯಬಹುದು. ನೋಂದಣಿಯಿಲ್ಲದ ಗುಂಪಿನ ಹೆಸರಿಗೆ ಬಿಲ್ಲು ಪಡೆದರೆ ಸದಸ್ಯರಾರಿಗೂ ಆ ಜಮೆ ದಕ್ಕದು. ವಿನ್ಯಾಸ ಶುಲ್ಕ ಹಾಗೂ ಮುದ್ರಣ ವೆಚ್ಚಕ್ಕೆ ಮೂಲದಲ್ಲಿ ತೆರಿಗೆ ಕಡಿತ ಅನ್ವಯಿಸುವುದೇ ಎಂಬುದನ್ನೂ ಪಾವತಿಗೆ ಮೊದಲೇ ಪರಿಶೀಲಿಸಬೇಕು.

ಉಪಸಂಹಾರ

ಒಂದು ಅಂಗಡಿಯ ಜಾಹೀರಾತು ಸುಳ್ಳಾದರೆ ಆ ಅಂಗಡಿಯ ಹೆಸರು ಕೆಡುತ್ತದೆ. ಊರಿನ ಭಿತ್ತಿಪತ್ರ ಸುಳ್ಳಾದರೆ ಲೇತಿನ ಮುಂದೆ ಕುಳಿತ ಪ್ರತಿಯೊಬ್ಬ ಕುಶಲಕರ್ಮಿಯೂ ಅದರ ಬೆಲೆ ತೆರಬೇಕಾಗುತ್ತದೆ. ಹೆದ್ದಾರಿಯಿಂದ ಇಳಿದು ಬಂದ ಕುಟುಂಬವು ಚಿತ್ರದಲ್ಲಿ ಕಂಡದ್ದನ್ನೇ ಪೇಟೆಯಲ್ಲಿಯೂ ಕಂಡರೆ ಮುಂದಿನ ಪ್ರಯಾಣದಲ್ಲಿ ಭಿತ್ತಿಪತ್ರ ನೋಡದೆಯೇ ಮತ್ತೆ ಇಳಿಯುತ್ತದೆ. ತಂತ್ರಾಂಶದಿಂದ ಮಾಡುವ ಪ್ರತಿಯೊಂದು ತಿದ್ದುವಿಕೆಯನ್ನೂ ಈ ಒಂದು ಅಳತೆಗೋಲಿನಿಂದ ಅಳೆದು ನೋಡುವುದು ವರ್ತಕರಿಗೆ ಶ್ರೇಯಸ್ಕರ.