ಪಾಸ್ತಾಕ್ಕೆ ಮಡಿಕೆಕಾಳು ಕೂಡಿಸಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳಲ್ಲೂ ಈಗ ಮಕ್ಕಳು ಪಾಸ್ತಾ ಕೇಳುತ್ತಾರೆ. ಬೇಡವೆನ್ನಬೇಡಿ. ಅದೂ ಗೋದಿಯದೇ, ನಮ್ಮ ಶ್ಯಾವಿಗೆಯ ದೂರದ ನಂಟ. ಪಾಕೀಟಿನ ಮೇಲೆ ಡ್ಯೂರಮ್ ಗೋದಿ ರವೆ ಎಂದಿದೆಯೇ ನೋಡಿ, ಮೈದಾದ್ದನ್ನು ಬಿಡಿ.

ನಾಲ್ವರಿಗೆ 200 ಗ್ರಾಂ ಸಾಕು, ಹೊಟ್ಟೆ ತುಂಬಿಸುವುದು ಜೊತೆಗಿನ ಕಾಳು-ಪಲ್ಲೆ. ಮೊಳಕೆ ಬಂದ ಮಡಿಕೆಕಾಳನ್ನು ಎರಡು ಬಟ್ಟಲು ಬೇಯಿಸಿಕೊಳ್ಳಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಟೊಮ್ಯಾಟೊ ಬಾಡಿಸಿ, ಹೆಚ್ಚಿದ ಮೆಂತೆಪಲ್ಲೆ, ಕಾಳು ಕೂಡಿಸಿ. ಪಾಸ್ತಾ ತುಸು ಗಟ್ಟಿಯಿರುವಾಗಲೇ ಬಸಿದು ಹಾಕಿ, ಬಸಿದ ನೀರನ್ನೂ ಒಂದು ಸವಟು ಸುರಿದು ಕಲಸಿ. ಆ ಗಂಜಿಯಿಂದಲೇ ರಸ ಪಾಸ್ತಾಕ್ಕೆ ಹತ್ತಿಕೊಳ್ಳುತ್ತದೆ.

ಚೀಸ್ ಬದಲು ಮೇಲೆ ಶೇಂಗಾ ಹಿಂಡಿ ಉದುರಿಸಿ. ನನಗಂತೂ ಅದೇ ಹೆಚ್ಚು ರುಚಿ. ತಣ್ಣಗಾದರೆ ಅಂಟಾಗುತ್ತದೆ, ಬಿಸಿಯಿರುವಾಗಲೇ ಬಡಿಸಿ.