‘ನಂಬರ್ ಒನ್’ ಶಾಲೆ ಯಾರ ಲೆಕ್ಕದಲ್ಲಿ?

ಪ್ರಶ್ನೆ: ನಾವು ದೇವದುರ್ಗ ತಾಲ್ಲೂಕಿನ ಹಳ್ಳಿಯವರು. ಯಜಮಾನರು ಒಕ್ಕಲುತನದ ಜೊತೆ ಗೊಬ್ಬರದ ಅಂಗಡಿ ನಡೆಸುತ್ತಾರೆ. ಮಗಳಿಗೆ ಮೇ ತಿಂಗಳಲ್ಲಿ ಆರು ತುಂಬುತ್ತದೆ, ಈ ವರ್ಷ ಒಂದನೇ ತರಗತಿಗೆ ಸೇರಿಸಬೇಕು. ಬೆಂಗಳೂರಿನಲ್ಲಿರುವ ಭಾವನವರು ಶಾಲೆಗಳ ರ‍್ಯಾಂಕಿಂಗ್ ಇರುವ ಇಂಗ್ಲಿಷ್ ಪತ್ರಿಕೆಯೊಂದನ್ನು ತಂದುಕೊಟ್ಟಿದ್ದಾರೆ. ಇಲ್ಲಿಯ ಪತ್ರಿಕೆಯೊಂದರ ಪ್ರವೇಶ ಪುರವಣಿಯಲ್ಲಿ ರಾಯಚೂರಿನ ಒಂದು ಶಾಲೆಯನ್ನು ‘ಜಿಲ್ಲೆಗೇ ನಂಬರ್ ಒನ್’ ಎಂದು ಬರೆದಿದ್ದಾರೆ. ಅಲ್ಲಿಗೇ ಸೇರಿಸಿ, ರಾಯಚೂರಿನಲ್ಲಿರುವ ತಮ್ಮ ಅಕ್ಕನ ಮನೆಯಲ್ಲಿ ಬಿಡೋಣ ಎಂದು ಯಜಮಾನರ ಹಟ. ನನ್ನ ತವರು ಮಾನ್ವಿ. ಅಲ್ಲಿ ಅವ್ವ ಇದ್ದಾಳೆ, ಮನೆ ಹತ್ತಿರವೇ ಶಾಲೆ ಇದೆ. ದೇವದುರ್ಗದ ಶಾಲೆಯ ವ್ಯಾನ್ ನಮ್ಮೂರಿಗೂ ಬರುತ್ತದೆ. ಆದರೆ ಮಾನ್ವಿ, ದೇವದುರ್ಗದ ಶಾಲೆಗಳ ಹೆಸರು ಆ ಎರಡರಲ್ಲೂ ಇಲ್ಲ. ‘ಹಳ್ಯಾಗ ಇಟ್ಕೊಂಡು ಹುಡುಗಿ ಭವಿಷ್ಯ ಹಾಳು ಮಾಡಬ್ಯಾಡ’ ಎಂದು ಎಲ್ಲರೂ ನನಗೇ ಹೇಳುತ್ತಾರೆ. ಏನು ಮಾಡಬೇಕೋ ತಿಳಿಯವಲ್ದು.

— ಒಬ್ಬ ತಾಯಿ, ದೇವದುರ್ಗ ತಾಲ್ಲೂಕು

ಉತ್ತರ: ತಂಗಿ, ಒಂದನೇ ತರಗತಿಯ ಶಾಲೆಯ ಹೆಸರಿನಿಂದ ಮಗುವಿನ ಭವಿಷ್ಯ ಹಾಳಾಗುವುದೂ ಇಲ್ಲ, ಉದ್ಧಾರವಾಗುವುದೂ ಇಲ್ಲ. ಮೊದಲು ಆ ಭಾರ ಇಳಿಸಿ. ಆಮೇಲೆ ಭಾವನವರ ಪತ್ರಿಕೆ, ಇಲ್ಲಿಯ ಪುರವಣಿ ಎರಡನ್ನೂ ಮುಂದಿಟ್ಟುಕೊಂಡು ಕೇಳಿ: ಇದಕ್ಕೆ ಮಾಹಿತಿ ಕೊಟ್ಟವರು ಯಾರು? ಅಚ್ಚು ಹಾಕಿಸಲು ದುಡ್ಡು ಕೊಟ್ಟವರು ಯಾರು?

ಪುರವಣಿಯಿಂದ ಶುರು ಮಾಡೋಣ. ‘ನಂಬರ್ ಒನ್’ ಲೇಖನದ ಪಕ್ಕದ ಪುಟದಲ್ಲೋ ಹಿಂದಿನ ಪುಟದಲ್ಲೋ ಅದೇ ಶಾಲೆಯ ಜಾಹೀರಾತು ಇದೆಯೇ ನೋಡಿ. ಎರಡರಲ್ಲೂ ಒಂದೇ ಫೋಟೊ ಇದ್ದರೆ, ಬರೆದವರ ಹೆಸರು ಇಲ್ಲದಿದ್ದರೆ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಜಾಹೀರಾತು ಪುರವಣಿ’ ಎಂದಿದ್ದರೆ, ಅದು ಶಾಲೆ ತನ್ನ ಬಗ್ಗೆ ತಾನೇ ಬರೆಸಿಕೊಂಡದ್ದು. ಫೋನ್ ನಂಬರು, ಅರ್ಜಿಯ ಕೊನೆಯ ದಿನ, ಯಾವ ತರಗತಿಯವರೆಗೆ ಇದೆ ಎಂಬಷ್ಟನ್ನು ಗುರುತು ಹಾಕಿಕೊಳ್ಳಿ. ಹೊಗಳಿಕೆ ಅಲ್ಲೇ ಇರಲಿ.

ಭಾವನವರು ತಂದದ್ದು ಬೇರೆ ಜಾತಿಯದು. ಈ ಬಗೆಯ ರ‍್ಯಾಂಕಿಂಗ್‌ಗಳಲ್ಲಿ ಹೆಸರಾದದ್ದು ‘ಎಜುಕೇಶನ್ ವರ್ಲ್ಡ್’ ಪತ್ರಿಕೆ 2007ರಿಂದ ಪ್ರಕಟಿಸುತ್ತಿರುವ ಪಟ್ಟಿ. ಪಾಲಕರು, ಶಿಕ್ಷಕರು, ಪ್ರಾಂಶುಪಾಲರನ್ನು ಕಂಡು ಅವರಿಗೆ ಗೊತ್ತಿರುವ ಶಾಲೆಗಳಿಗೆ ಬೇರೆ ಬೇರೆ ಅಂಶಗಳಲ್ಲಿ ಅಂಕ ಕೊಡಿಸಿ ಅದನ್ನು ತಯಾರಿಸುತ್ತಾರೆ. ಅಂದರೆ ಅದು ಅಭಿಪ್ರಾಯದ ಲೆಕ್ಕ. ಕೇಳಿದವರಿಗೆ ಗೊತ್ತಿಲ್ಲದ ಶಾಲೆಗೆ ಅಂಕ ಬೀಳುವುದೇ ಇಲ್ಲ. ಬೆಂಗಳೂರು, ಮುಂಬೈಗಳ ದೊಡ್ಡ ಶಾಲೆಗಳಲ್ಲಿ ಯಾವುದೆಂದು ತೂಗುವವರಿಗೆ ಅದರಿಂದ ಒಂದಿಷ್ಟು ಉಪಯೋಗ ಉಂಟು. ಮಾನ್ವಿ, ದೇವದುರ್ಗದ ಶಾಲೆಗಳ ಹೆಸರು ಅಲ್ಲಿ ಇಲ್ಲ ಎಂದರೆ ಅವನ್ನು ಯಾರೂ ಅಳೆದಿಲ್ಲ ಎಂದಷ್ಟೇ ಅರ್ಥ, ಕೆಟ್ಟವು ಎಂದಲ್ಲ.

ಇನ್ನು ಇಂಥ ಪುರವಣಿಗಳಲ್ಲಿ ಶಾಲೆಗಳು ಹೇಳಿಕೊಳ್ಳುವ ‘ನೂರಕ್ಕೆ ನೂರು ಫಲಿತಾಂಶ’. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ ಜಿಲ್ಲೆ ಎಷ್ಟೋ ಕೆಳಗೆ ಹೋಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಅಳೆಯುವ ರೀತಿ ಬದಲಾಯಿತು, ಅಷ್ಟೆ. ಶಾಲೆಯವರು ನೂರಕ್ಕೆ ನೂರು ಎಂದರೆ, ಅದೇ ಮಕ್ಕಳು ಒಂಬತ್ತನೇ ತರಗತಿಯಲ್ಲಿದ್ದಾಗ ಎಷ್ಟು ಮಂದಿ ಇದ್ದರು, ಹತ್ತನೆಯ ಪರೀಕ್ಷೆಗೆ ಎಷ್ಟು ಮಂದಿ ಕೂತರು ಎಂದು ಕೇಳಿ. ನಡುವೆ ಟಿ.ಸಿ. ಕೊಟ್ಟು ಕಳಿಸಿದವರ ಲೆಕ್ಕ ಯಾವ ಪುರವಣಿಯಲ್ಲೂ ಬರುವುದಿಲ್ಲ. ಶಾಲೆಗಳಿಗೆ ಸರ್ಕಾರಿ ತಪಾಸಣೆಯ ದೊಡ್ಡ ವ್ಯವಸ್ಥೆಯೇ ಇರುವ ಇಂಗ್ಲೆಂಡಿನಲ್ಲಿ ಕೂಡ ಇಡೀ ಶಾಲೆಯನ್ನು ‘ಅತ್ಯುತ್ತಮ’, ‘ಸಾಲದು’ ಎಂಬ ಒಂದೇ ಮಾತಿನಲ್ಲಿ ತೂಗುವುದನ್ನು 2024ರಲ್ಲಿ ಕೈಬಿಟ್ಟರು.

ಜಾಹೀರಾತು ಇಲ್ಲದ ಒಂದು ಕೈಪಿಡಿಯೂ ಇದೆ, ಅದನ್ನು ನೋಡುವವರು ಕಡಿಮೆ. ಕೇಂದ್ರ ಶಿಕ್ಷಣ ಸಚಿವಾಲಯದ ‘ಯು–ಡೈಸ್ ಪ್ಲಸ್’. ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಇರುತ್ತದೆ. ನಮ್ಮ ರಾಜ್ಯದ್ದು 29ರಿಂದ ಶುರು. ‘ನೋ ಯುವರ್ ಸ್ಕೂಲ್’ ಎಂಬ ಭಾಗದಲ್ಲಿ ಜಿಲ್ಲೆ, ತಾಲ್ಲೂಕು ಆರಿಸಿಕೊಂಡರೆ ಶಾಲೆಯ ವರದಿ ಮೊಬೈಲಿನಲ್ಲೇ ಸಿಗುತ್ತದೆ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು, ಶಿಕ್ಷಕರು ಎಷ್ಟು, ಕೊಠಡಿ ಎಷ್ಟು, ಹುಡುಗಿಯರ ಶೌಚಾಲಯ ನಡೆಯುತ್ತಿದೆಯೇ, ಗ್ರಂಥಾಲಯ ಇದೆಯೇ ಎಲ್ಲವೂ ಅದರಲ್ಲಿದೆ.

ಅದನ್ನು ಓದುವುದು ಹೀಗೆ. ಒಂದು ಶಾಲೆಯಲ್ಲಿ ಒಂದರಿಂದ ಐದರವರೆಗೆ 210 ಮಕ್ಕಳು, 5 ಶಿಕ್ಷಕರು ಎಂದುಕೊಳ್ಳಿ. ಭಾಗಿಸಿದರೆ ಒಬ್ಬರಿಗೆ 42 ಮಕ್ಕಳು. ಇನ್ನೂರಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ 40ನ್ನು ಮೀರಬಾರದು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಒಂದನೇ ತರಗತಿಯಲ್ಲಿ 60 ಮಕ್ಕಳಿದ್ದು ಐದನೆಯದರಲ್ಲಿ 25 ಇದ್ದರೆ, ಉಳಿದವರು ಎಲ್ಲಿಗೆ ಹೋದರು ಎಂದು ವಿಚಾರಿಸಿ. ಖಾಸಗಿ ಶಾಲೆಯಾದರೆ ಪಾಲಕರು ಬೇಸತ್ತು ಬಿಡಿಸಿರಬಹುದು. ಸರ್ಕಾರಿ ಶಾಲೆಯಾದರೆ ತಂದೆ–ತಾಯಿಯ ಜೊತೆ ಗುಳೆ ಹೋಗಿರಬಹುದು. ನಮ್ಮ ಭಾಗದಲ್ಲಿ ಅದಕ್ಕೆ ಶಾಲೆಯನ್ನು ದೂರಲಾಗದು. ಒಂದು ಎಚ್ಚರ: ಈ ವಿವರ ತುಂಬುವವರು ಶಾಲೆಯವರೇ. ‘ನೀರಿದೆ’ ಎಂದು ಬರೆದಿದ್ದರೂ ಮಧ್ಯಾಹ್ನ ಮೂರಕ್ಕೆ ಹೋಗಿ ನಲ್ಲಿ ತಿರುಗಿಸಿ ನೋಡಬೇಕು.

ರಾಯಚೂರಿನ ಶಾಲೆಯ ಫಲಕದಲ್ಲಿ ‘ಸಿಬಿಎಸ್‌ಇ’ ಎಂದಿದೆಯೇ? ‘ಸಿಬಿಎಸ್‌ಇ ಪಠ್ಯ’ ಎಂದರೆ ಬೇರೆ, ಮಂಡಳಿಯ ಮಾನ್ಯತೆ ಇದೆ ಎಂದರೆ ಬೇರೆ. ಮಾನ್ಯತೆ ಸಂಖ್ಯೆ ಕೇಳಿ ಮಂಡಳಿಯ ಜಾಲತಾಣದಲ್ಲಿ ಹುಡುಕಿ. ಮಾನ್ಯತೆ ಎಷ್ಟನೇ ತರಗತಿಯವರೆಗೆ ಇದೆ ಎಂಬುದನ್ನೂ ನೋಡಿ. ಮಾನ್ಯತೆ ಪಡೆದ ಶಾಲೆ ಶುಲ್ಕ, ಶಿಕ್ಷಕರ ವಿವರ, ಫಲಿತಾಂಶವನ್ನು ತನ್ನ ಜಾಲತಾಣದಲ್ಲಿ ಹಾಕಲೇಬೇಕು ಎಂಬ ನಿಯಮವಿದೆ. ಮಗುವಿಗೆ ಪ್ರವೇಶ ಪರೀಕ್ಷೆ, ನಿಮಗೆ ಸಂದರ್ಶನ, ಮೇಲೆ ಡೊನೇಶನ್ ಎಂದರೆ ಮೂರನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನಿಷೇಧಿಸಿದೆ ಎಂಬುದು ನೆನಪಿರಲಿ.

ಇಷ್ಟಾದ ಮೇಲೆ ಶಾಲೆಗಳನ್ನು ಕಣ್ಣಾರೆ ನೋಡಿ, ಅದೂ ತರಗತಿಗಳು ನಡೆಯುತ್ತಿರುವಾಗ. ಬೇಸಿಗೆ ರಜೆಯಲ್ಲಿ ಹೋದರೆ ಆಫೀಸು, ಬಣ್ಣ ಹೊಡೆದ ಗೋಡೆ ಬಿಟ್ಟರೆ ಏನೂ ಕಾಣದು. ಮಾನ್ವಿಗೋ ರಾಯಚೂರಿಗೋ ಹೋಗಿಬರಲು ‘ಶಕ್ತಿ’ ಯೋಜನೆಯಿಂದ ನಿಮಗೆ ಬಸ್ಸಿನ ಖರ್ಚೂ ಇಲ್ಲ. ಶಿಕ್ಷಕರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಕೇಳಿ. ವರ್ಷಕ್ಕೊಮ್ಮೆ ಮೇಡಂ ಬದಲಾಗುವ ಕಡೆ ಸ್ಮಾರ್ಟ್ ಬೋರ್ಡ್ ಇದ್ದು ಏನು ಫಲ? ರಾಯಚೂರಿನವರಿಗೆ ಇದು ಹೊಸ ಮಾತಲ್ಲ. 1920ರಲ್ಲಿ ಶುರುವಾದ ಹಮ್‌ದರ್ದ್ ಶಾಲೆಯನ್ನು ಜನ ಇಂದಿಗೂ ನೆನೆಯುವುದು ಅದನ್ನು ಶುರು ಮಾಡಿದ ಪಂಡಿತ ತಾರಾನಾಥರ ಹೆಸರಿನಿಂದ, ಅದರ ಕಟ್ಟಡದಿಂದ ಅಲ್ಲ.

ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಆಯಾ ಶಾಲೆಗೆ ಹೋಗುವ ಮೂರನೇ ತರಗತಿಯ ಮಕ್ಕಳು ನಿಮ್ಮ ಓಣಿಯಲ್ಲೋ ನೆಂಟರಲ್ಲೋ ಇದ್ದೇ ಇರುತ್ತಾರೆ. ಕರೆದು ಕೂರಿಸಿ, ತಿನ್ನಲು ಏನಾದರೂ ಕೊಟ್ಟು, ಎರಡನೇ ತರಗತಿಯ ಕನ್ನಡ ಪುಸ್ತಕದ ಯಾವುದಾದರೂ ಪುಟ ಓದಿಸಿ. ಬಾಯಿಪಾಠ ಒಪ್ಪಿಸುತ್ತಿದೆಯೋ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತದೆಯೋ ಗಮನಿಸಿ. ಇಂಗ್ಲಿಷ್ ಪುಸ್ತಕವನ್ನೂ ಓದಿಸಿ. ಆ ಹತ್ತು ನಿಮಿಷ ಹೇಳುವಷ್ಟನ್ನು ಇಡೀ ಪುರವಣಿ ಹೇಳಲಾರದು. ನಿಮ್ಮೂರಿನ ಸರ್ಕಾರಿ ಶಾಲೆಯ ಮಗುವನ್ನೂ ಕರೆಯಿರಿ. ಪತ್ರದಲ್ಲಿ ಆ ಶಾಲೆಯ ಹೆಸರನ್ನೇ ನೀವು ಎತ್ತಿಲ್ಲ. ಅಲ್ಲಿ ‘ನಲಿ–ಕಲಿ’ ಚೆನ್ನಾಗಿ ನಡೆಸುವ ಶಿಕ್ಷಕಿ ಇದ್ದರೆ ಸುಮ್ಮನೆ ಬಿಟ್ಟುಕೊಡಬೇಡಿ.

ನನ್ನ ಸಲಹೆ ಕೇಳಿದ್ದೀರಿ, ಹೇಳುತ್ತೇನೆ. ಆರು ವರ್ಷದ ಹುಡುಗಿಯನ್ನು ತಾಯಿಯಿಂದ ಬಿಡಿಸಿ ರಾಯಚೂರಿನಲ್ಲಿ ಬಿಡುವುದು ಬೇಡ. ಜ್ವರ ಬಂದ ರಾತ್ರಿ ಅವಳಿಗೆ ನೀವು ಬೇಕು, ಶಾಲೆಯ ರ‍್ಯಾಂಕ್ ಅಲ್ಲ. ದಿನಾ ಹೋಗಿಬರಲು ದೇವದುರ್ಗದಿಂದಲೇ ರಾಯಚೂರು 50 ಕಿ.ಮೀ.ಗೂ ಮೇಲೆ, ಆ ಮಾತೇ ಬೇಡ. ನಿಮ್ಮೂರಿನ ಶಾಲೆ, ದೇವದುರ್ಗದ ಶಾಲೆ, ಇವೆರಡರಲ್ಲಿ ಓದಿನ ಪರೀಕ್ಷೆಯಲ್ಲಿ ಗೆದ್ದದ್ದನ್ನು ಆರಿಸಿ. ದೇವದುರ್ಗವಾದರೆ ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆ ಎಂದು ಒಂದು ಬೆಳಿಗ್ಗೆ ನಿಂತು ನೋಡಿ. ಎರಡೂ ಸರಿಕಾಣದಿದ್ದರೆ ಮಾತ್ರ ಮಾನ್ವಿ, ಅದೂ ಅಜ್ಜಿಗೆ ಕೈಕಾಲು ಗಟ್ಟಿ ಇದ್ದರೆ.

ಮಾಧ್ಯಮದ ಚಿಂತೆಯೂ ಇರಬಹುದು. ಒಂದೇ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ, ಆಯ್ಕೆ ನಿಮ್ಮದು. ಕನ್ನಡ ಸರಾಗವಾಗಿ ಓದುವ ಮಗುವಿಗೆ ಇಂಗ್ಲಿಷ್ ಹಿಡಿಸುವುದು ಕಷ್ಟವಲ್ಲ. ಯಾವ ಶಾಲೆಯಾದರೂ ರಾತ್ರಿ ಊಟವಾದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿ.

ದೊಡ್ಡ ಆಯ್ಕೆಯ ಹೊತ್ತು ಬರುವುದು ಆರನೇ ತರಗತಿಗೆ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಮುದಗಲ್‌ನಲ್ಲಿರುವ ನಮ್ಮ ಜಿಲ್ಲೆಯ ನವೋದಯ, ಎಲ್ಲಕ್ಕೂ ಪ್ರವೇಶ ಪರೀಕ್ಷೆ ಆಗ. ನವೋದಯದಲ್ಲಿ ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಅದು ಸಿಗಬೇಕಾದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈಗ ರಾಯಚೂರಿಗೆ ಕಳಿಸಿ ಅಲ್ಲೇ ಐದನೆಯವರೆಗೆ ಓದಿಸಿದರೆ ಆ ಬಾಗಿಲು ನೀವೇ ಮುಚ್ಚಿದಂತೆ. ದೇವದುರ್ಗ, ಮಾನ್ವಿ ಪಟ್ಟಣದ ಶಾಲೆಗಳಿಗೂ ಈ ತೊಡಕು ಇದೆ. ಎರಡನೇ ತರಗತಿ ಮುಗಿಯುವಾಗ ಮತ್ತೊಮ್ಮೆ ಕೂತು ಯೋಚಿಸಿ.

ಯಜಮಾನರಿಗೂ ಭಾವನವರಿಗೂ ಈ ನವೋದಯದ ನಿಯಮವನ್ನೇ ಮೊದಲು ಹೇಳಿ. ‘ಹಳ್ಳಿಯಲ್ಲಿ ಇಟ್ಟುಕೊಳ್ಳುತ್ತೇನೆ’ ಎಂದು ವಾದಿಸಿದರೆ ಜಗಳವಾಗುತ್ತದೆ. ‘ಐದನೆಯವರೆಗೆ ಇಲ್ಲೇ ಓದಲಿ, ಆರನೆಯದಕ್ಕೆ ಪರೀಕ್ಷೆ ಕಟ್ಟಿಸೋಣ, ತಯಾರಿಗೆ ಬೇಕಾದ ಪುಸ್ತಕ ಬೆಂಗಳೂರಿನಿಂದ ನೀವೇ ಕಳಿಸಿ’ ಎಂದು ಭಾವನವರಿಗೂ ಒಂದು ಕೆಲಸ ಹಚ್ಚಿ.